ಅಂಜುಬುರುಕಿಯ ತೋಳು ಹಿಡಿದವರು

ಪೇಟೆಗೆ ಹೊರಡುವ ಮುಂಚೆ ಬೇರೆಯವರು ತಲೆ ಬಾಚಿಕೊಳ್ಳುತ್ತಾರೆ, ಸೀರೆ ಬದಲಿಸುತ್ತಾರೆ. ಮಾಬೂಬಿ ಖಾಲಾ ಮೂಗು ತೊಳೆದುಕೊಳ್ಳುತ್ತಿದ್ದರು. ಹಿತ್ತಲ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಬೊಗಸೆಯಲ್ಲಿ ನೀರು ಹಿಡಿದು, ಮೂಗಿಗೇರಿಸಿ, ಇಡೀ ಓಣಿಗೆ ಕೇಳುವಂತೆ ಸೀನಿ ಬಿಡುವರು. ನಮಾಜಿಗೆ ಮುಂಚೆ ಮೂಗಿಗೆ ನೀರೇರಿಸುವ ಕ್ರಮ ಅವರಲ್ಲಿ ಇದೆಯೆಂದು ನನಗೆ ಗೊತ್ತಿತ್ತು. ಬದನೆಕಾಯಿ ಕೊಳ್ಳುವುದಕ್ಕೂ ಅದೇ ಮಡಿ ಏಕೆಂದು ಮಾತ್ರ ತಿಳಿದಿರಲಿಲ್ಲ. ಕೇಳಿದರೆ, "ಪ್ಯಾಟಿಗೆ ಹೊಂಟೇವಿ ಬೇಟಿ, ಮೂಗು ಸ್ವಚ್ಛ ಇರಬೇಕು" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು. ಅದು ಅವರ ತಮಾಷೆಯೆಂದು ನಾನು ಬಹಳ ದಿನ ನಂಬಿದ್ದೆ.

ನಾನು ತುಮಕೂರು ಕಡೆಯವಳು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನನ್ನವರಿಗೆ ರಾಣೆಬೆನ್ನೂರಿಗೆ ವರ್ಗವಾಗಿ, ಖಾಲಾ ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದೆವು. ನನ್ನ ಪುಕ್ಕಲುತನದ ಬಗ್ಗೆ ನಾನೇ ಹೇಳಿಬಿಡುವುದು ವಾಸಿ. ರಸ್ತೆ ದಾಟಬೇಕಾದರೆ ಎರಡೂ ಕಡೆ ನೋಡಿ, ಮತ್ತೊಮ್ಮೆ ಎರಡೂ ಕಡೆ ನೋಡಿ, ಕೊನೆಗೆ ದಾಟದೆ ಮನೆಗೆ ಹಿಂತಿರುಗುವವಳು ನಾನು. ನಾಯಿಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಕುಕ್ಕರು ಕೂಗುವ ಮುಂಚೆ ಒಂದು ಗಳಿಗೆ ಸುಮ್ಮನಾಗುತ್ತದಲ್ಲ, ಅದಕ್ಕೂ ಹೆದರುತ್ತೇನೆ. ಜನಜಂಗುಳಿ ಕಂಡರಂತೂ ಅಂಗೈ ಬೆವರಿ ಬಳೆ ಜಾರುತ್ತದೆ. ಹೊಸ ಊರಿನಲ್ಲಿ ನನ್ನವರು ಆಫೀಸಿಗೆ ಹೋದ ಕೂಡಲೇ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ತರಕಾರಿ ಕೂಡ ಅವರೇ ತರಬೇಕಾಗಿತ್ತು, ಅವರು ತರುವ ಬೆಂಡೆಕಾಯಿ ಯಾವಾಗಲೂ ಬಲಿತಿರುತ್ತಿತ್ತು.

ಅದನ್ನು ಗಮನಿಸಿದ್ದು ಖಾಲಾ. ಎತ್ತರದ, ತೆಳ್ಳನೆಯ ಹೆಂಗಸು. ತಲೆ ತುಂಬ ಸೆರಗು, ಅದರ ಅಂಚಿನಲ್ಲಿ ಮದರಂಗಿ ಹಚ್ಚಿ ಕೆಂಪಾದ ನರೆಗೂದಲು. ಮಾತಾಡುವಾಗ ನಮ್ಮ ಕಿವಿಯ ಹತ್ತಿರ ಎಲ್ಲೋ ನೋಡುತ್ತ ಮಾತಾಡುವರು. ಗಂಡ ತೀರಿಕೊಂಡು, ಮಗ ಸೊಸೆಯ ಜೊತೆ ಇದ್ದರು. ಒಬ್ಬನೇ ಮಗ ಇಮಾಮ್ ಊರ ನಡುವೆ ಗಾದಿ ಅಂಗಡಿ ಇಟ್ಟಿದ್ದ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಯ ಅಂಗಡಿಗಳಲ್ಲಿ ಸಾಹುಕಾರರು ಒರಗಿ ಕೂರುವ ಬಿಳೀ ಗಾದಿ, ಲೋಡುಗಳೆಲ್ಲ ಹೆಚ್ಚಾಗಿ ಅವನ ಕೈಯಲ್ಲೇ ಆದವು. ಒಂದು ಸಂಜೆ ಖಾಲಾ ನಮ್ಮ ಬಾಗಿಲಿಗೆ ಬಂದು ನನ್ನವರಿಗೇ ನೇರವಾಗಿ ಹೇಳಿದರು:

"ಸಾಹೇಬ್ರ, ಈ ಹುಡಿಗೀನ ಹಿಂಗ ಮನ್ಯಾಗ ಇಟ್ರ ಬೂಸ್ರ ಹಿಡೀತೈತಿ. ನಾ ಪ್ಯಾಟಿಗೆ ಕರ್ಕೊಂಡ ಹೋಗ್ತೇನಿ. ವಾರಕ್ಕೊಂದ ಊರು."

ನನ್ನವರಿಗೆ ಹಬ್ಬವಾಯಿತು. ಬಾಗಿಲಲ್ಲಿ ನಿಂತಿದ್ದ ಇಮಾಮ್ ಕೂಡ ನಕ್ಕು, "ಅಮ್ಮಾ ಜೋಡಿ ಇರ್ತಾಳಲ್ರಿ ಅಕ್ಕಾರ, ನೀವೇನೂ ಅಂಜಬ್ಯಾಡ್ರಿ" ಎಂದ.

ಖಾಲಾ ಅವರಿಗೆ ಪೇಟೆಯ ಹುಚ್ಚು ಹಿಡಿಸಿದ್ದು ಅವರ ಯಜಮಾನರು. ಆತ ಹತ್ತಿ ಹಿಂಜುವ ಬಿಲ್ಲು ಹೊತ್ತು ಊರೂರು ತಿರುಗುತ್ತಿದ್ದವರು, ಮದುವೆಯಾದ ಹೊಸದರಿಂದಲೂ ಹೆಂಡತಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದರಂತೆ. ಹಗಲೆಲ್ಲ ಅವರು ಹತ್ತಿ ಹಿಂಜುವಾಗ ಖಾಲಾ ಆ ಊರಿನ ಪೇಟೆ ತಿರುಗಿ ಬರುವರು. ಮಾತಿಗೆ ಮಾತು ಬಂದು ನಾನೊಮ್ಮೆ ಹಂಪಿ, ಬಾದಾಮಿ ನೋಡಿದ್ದೀರಾ ಎಂದು ಕೇಳಿದ್ದೆ. "ಕ್ವಾಟಿ, ಗುಡಿ, ಗುಮ್ಮಟ ಎಲ್ಲಾ ಸತ್ತವ್ರು ಕಟ್ಟಿದ್ದು. ಊರ ನೋಡಬೇಕಂದ್ರ ಪ್ಯಾಟಿ ನೋಡಬೇಕು. ಅಲ್ಲಿ ಮಂದಿ ಇನ್ನಾ ಜಗಳಾಡತಿರ್ತಾರ, ತಿಂತಿರ್ತಾರ" ಎಂದರು.

ಮೊದಲ ಪಯಣ ಹಾವೇರಿಗೆ. ಬಸ್ ನಿಲ್ದಾಣದಲ್ಲಿ ಇಳಿದ ತಕ್ಷಣ ಖಾಲಾ ನನ್ನ ಎಡತೋಳನ್ನು ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದರು. ಹೆದರಿದವಳಿಗೆ ಆಸರೆ ಕೊಡುತ್ತಿದ್ದಾರೆಂದುಕೊಂಡು ನಾನು ಕೃತಜ್ಞತೆಯಿಂದ ಕರಗಿ ಹೋದೆ. ಏಲಕ್ಕಿ ಹಾರ ಮಾಡುವವರ ಮನೆಯ ಮುಂದೆ ಅವರು ನಿಂತರು. ಒಳಗೆ ಕೂತವರು ಏಲಕ್ಕಿ ಕಾಯನ್ನು ಒಂದೊಂದೇ ಆರಿಸಿ ಪೋಣಿಸುತ್ತಿದ್ದರು. ಖಾಲಾ ಕಣ್ಣು ಮುಚ್ಚಿ ಉಸಿರೆಳೆದು, "ಆತು. ನೋಡಿದ್ವಿ. ನಡಿ" ಎಂದರು. ಇದೆಂಥ ನೋಡುವುದು ಎಂದು ನನಗೆ ನಗು ಬಂತು.

ಅಲ್ಲಿಂದ ಒಂದು ಸೀರೆ ಅಂಗಡಿಗೆ ಹೋದೆವು. ಮೆಟ್ಟಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ, ಜರಿಯಂಚಿನ ಹಸಿರು ಸೀರೆ ಉಡಿಸಿದ ಗೊಂಬೆ ನಿಲ್ಲಿಸಿದ್ದರು. ಖಾಲಾ ಅದರ ಮುಂದೆ ನಿಂತು, ಬಹಳ ಮರ್ಯಾದೆಯಿಂದ, "ಸ್ವಲ್ಪ ಬಾಜೂ ಸರಿ ತಂಗಿ. ನಾವೂ ಒಳಗ ಹೋಗ್ತೀವಿ" ಎಂದರು.

ನಾನು ಕಿಸಕ್ಕನೆ ನಕ್ಕೆ. ಅಂಗಡಿಯ ಹುಡುಗಿಯೂ ನಕ್ಕಳು. ಖಾಲಾ ನಗಲಿಲ್ಲ. ಗೊಂಬೆ ಪಕ್ಕಕ್ಕೆ ಸರಿಯುವುದನ್ನೇ ಕಾಯುತ್ತ ನಿಂತಿದ್ದರು. ಸರಿಯದಿದ್ದಾಗ ಅವರ ಹುಬ್ಬು ಗಂಟಿಕ್ಕಿತು, ಮತ್ತೊಮ್ಮೆ, ಈ ಸಲ ಸ್ವಲ್ಪ ಜೋರಾಗಿ, "ತಂಗೀ..." ಎಂದರು. ನನ್ನ ನಗು ನಿಂತು ಹೋಯಿತು. ಅವರ ಕೈ ಹಿಡಿದು ಮೆಟ್ಟಿಲಿಳಿಸಿ ಕರೆತಂದೆ. ಇಷ್ಟು ಹೊತ್ತು ಆ ಗಿಜಿಗಿಜಿ ರಸ್ತೆಯಲ್ಲಿ, ಆ ಬಸ್ಸು ರಿಕ್ಷಾಗಳ ನಡುವೆ, ಯಾರು ಯಾರನ್ನು ನಡೆಸಿಕೊಂಡು ಬಂದಿದ್ದರು ಎಂಬುದು ನನಗೆ ಆಗ ಹೊಳೆಯಿತು.

ಒಂದು ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತೆವು. ಬಿಸಿ ಮಿರ್ಚಿ, ಮಂಡಕ್ಕಿ ಬಂತು. ಖಾಲಾ ಮಿರ್ಚಿಯ ತೊಟ್ಟು ಹಿಡಿದು ಊದುತ್ತ, ಯಾರದೋ ಸುದ್ದಿ ಹೇಳುವವರ ಹಾಗೆ ಹೇಳಿದರು:

"ಎದುರಿಗೆ ನಿಂತವ್ರು ನೆಳ್ಳಿನಂಗ ಕಾಣ್ತಾರ. ಬಾಜೂದು ಏನೂ ಇಲ್ಲ. ಕಣ್ಣಿನ ನರ ಒಣಗೇತಿ ಅಂದ್ರು ಹುಬ್ಬಳ್ಳಿ ಡಾಕ್ಟ್ರು. ಆಪರೇಶನ್ ಮಾಡಿದ್ರೂ ಬರೂದಿಲ್ಲಂತ, ಇದ್ದದ್ದೂ ಹೋಗ್ತೈತಂತ. ನಮ್ಮನಿಯವ್ರಿಗೆ ಗೊತ್ತಿತ್ತು, ಅವ್ರು ಹೋದ್ರು. ಈಗ ನಿನಗ ಗೊತ್ತಾತು."

"ಇಮಾಮ್‌ಗೆ?"

"ಏ, ಅವಗ ಹೇಳಿದ್ರ ನಾಳಿಂದ ನಾ ಕಟ್ಟೀ ಮ್ಯಾಲ ಕುಂದ್ರೂ ಮುದುಕಿ. ಮನ್ಯಾಗ ನನಗ ಎಲ್ಲಾ ಗೊತ್ತೈತಿ, ಎಷ್ಟ ಹೆಜ್ಜಿಗೆ ಹೊಸ್ತಿಲ, ಎಲ್ಲಿ ಕೊಡ. ಅಂವಗ ಗೊತ್ತಾಗೂದಿಲ್ಲ. ಪ್ಯಾಟಿ ಒಂದ ಉಳದೈತಿ ಬೇಟಿ ನನಗ. ಅದನ್ನ ಕಸಗೊಳ್ಳಬ್ಯಾಡ."

ನಾನು ಅಳುವುದೊಂದೇ ಬಾಕಿ. "ನನ್ನನ್ಯಾಕೆ ಖಾಲಾ ಆರಿಸಿಕೊಂಡಿರಿ? ನಾನು ಎಷ್ಟು ಹೆದರುಪುಕ್ಕಲಿ ಅಂತ ಇಡೀ ಓಣಿಗೆ ಗೊತ್ತಲ್ಲ!"

"ಅದಕ್ಕ!" ಎಂದು ಖಾಲಾ ಖುಷಿಯಿಂದ ನನ್ನ ತೊಡೆಗೆ ಹೊಡೆದರು. "ಧೈರ್ಯಾದವ್ರ ಜೋಡಿ ಹೋದ್ರ ಅವ್ರು ಕೈ ಬಿಟ್ಟು ಮುಂದ ಹೋಗಿಬಿಡ್ತಾರ. ಅಂಜಬುರಕಿ ಬಿಡೂದಿಲ್ಲ. ಗಚ್ಚಂಗ ಹಿಡಕೊಂಡಿರ್ತಾಳ. ಅಂಜಬುರಕಿ ಎಲ್ಲಾನೂ ನೋಡ್ತಾಳ, ಎತ್ತು, ಬಸ್ಸು, ಬಾಳಿಹಣ್ಣಿನ ಸಿಪ್ಪಿ. ನಿನ್ನ ತೋಳ ಗಟ್ಟಿ ಆತಂದ್ರ ಮುಂದೇನೋ ಐತಿ ಅಂತ ನನಗ ತಿಳೀತೈತಿ. ಹೇಳೂದೂ ಬ್ಯಾಡ. ತಿನ್ನು, ಆರ್ತೈತಿ."

ಹೀಗೆ ನನ್ನ ಹೆದರಿಕೆಗೆ ಒಂದು ಉದ್ಯೋಗ ಸಿಕ್ಕಿತು. ಊರಿನವರ ಕಣ್ಣಿಗೆ ಖಾಲಾ ನನಗೆ ಕಾವಲು. ನಿಜದಲ್ಲಿ ಕಾವಲಿನವಳು ನಾನು, ಅದೂ ಎದೆ ಡವಗುಟ್ಟುವ ಕಾವಲು. ಪೇಟೆಗೆ ಹೋಗುವ ಹಿಂದಿನ ದಿನವೇ ನನಗೆ ಊಟ ಸೇರುತ್ತಿರಲಿಲ್ಲ. ಚರಂಡಿ, ತೆರೆದ ಗಟಾರ, ಹಿಂದಕ್ಕೆ ಬರುವ ಟೆಂಪೋ, ಸೈಕಲ್ಲಿಗೆ ಕಟ್ಟಿದ ಕಬ್ಬಿಣದ ಸರಳು, ಎಲ್ಲವೂ ಖಾಲಾ ಅವರ ಮೇಲೆ ಬರುವುದಕ್ಕೆಂದೇ ಹುಟ್ಟಿದ ಹಾಗೆ ಕಾಣುತ್ತಿದ್ದವು. ಬೇಡವೆಂದು ಹೇಳಬಹುದಿತ್ತು. ಆದರೆ ನಾನು ಬಿಟ್ಟರೆ ಒಬ್ಬರೇ ಹೋಗಿಬಿಟ್ಟಾರು ಎಂಬ ಇನ್ನೊಂದು ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಮೂಗು ತೊಳೆಯುವುದರ ಗುಟ್ಟು ಆಗ ತಿಳಿಯಿತು. ರಾಣೆಬೆನ್ನೂರಿನ ಪೇಟೆಯನ್ನು ಖಾಲಾ ಮೂಗಿನಲ್ಲಿ ಓದುತ್ತಿದ್ದರು. ಹಿಟ್ಟಿನ ಗಿರಣಿಯ ಬಿಸಿ ಜೋಳದ ವಾಸನೆ ಬಂದರೆ ಎಡಕ್ಕೆ ತಿರುಗಬೇಕು. ಒದ್ದೆ ಗೋಣಿಯ ವಾಸನೆ ಉಳ್ಳಾಗಡ್ಡಿಯವರ ಸಾಲು. ಹೊಸ ಬಟ್ಟೆಯ ಗಂಜಿ, ಚಪ್ಪಲಿಯ ತೊಗಲು, ಬೆಲ್ಲದ ಪೆಂಟೆ, ಒಣಮೀನಿನ ಮೂಲೆ, ಒಂದೊಂದೂ ಅವರಿಗೆ ಒಂದೊಂದು ಮೈಲಿಗಲ್ಲು. ನಾನು ಬೋರ್ಡು ಓದಿ ಹೇಳುವ ಮುಂಚೆ ಅವರು, "ಇಲ್ಲೆ ಕರದ ಎಣ್ಣಿ ಮತ್ತ ಕಾಸ್ಯಾನ, ಇವನ ಹತ್ರ ತಿನ್ನೂದ ಬ್ಯಾಡ" ಎಂದು ಮುಂದೆ ಎಳೆಯುವರು. ಬೆಂಡೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ತುದಿ ಮುರಿಯುವರು, ಎಳೆಯದೋ ಬಲಿತದ್ದೋ ಸದ್ದಿನಲ್ಲೇ ತಿಳಿಯುವರು. ನನ್ನ ಬಾಯಿಗೆ ಯಾವಾಗಲೂ ಏನಾದರೊಂದು ತುರುಕುತ್ತಿದ್ದರು. ಬಾಯಿ ಆಡುತ್ತಿದ್ದರೆ ಅಂಜಿಕೆ ಕಡಿಮೆಯಾಗುತ್ತದೆ ಎಂಬುದು ಅವರ ನಂಬಿಕೆ. ನಾನು ಆ ಒಂದು ವರ್ಷದಲ್ಲಿ ತಿಂದಷ್ಟು ಗಿರ್ಮಿಟ್ಟನ್ನು ಯಾರೂ ಅಷ್ಟೊಂದು ನಡುಗುತ್ತ ತಿಂದಿರಲಾರರು.

ಒಮ್ಮೆ ಅದೇ ಪೇಟೆಯಲ್ಲಿ ಒಂದು ಹೋರಿ ಹಗ್ಗ ಹರಿದುಕೊಂಡು ಬಂತು. ಜನ ಬುಟ್ಟಿ ಬಿಟ್ಟು ಓಡಿದರು. ನಾನು ಖಾಲಾರನ್ನು ಒಂದು ಪಾತ್ರೆ ಅಂಗಡಿಯ ಗೋಡೆಗೆ ಒತ್ತಿ ಹಿಡಿದು, ಅವರ ಮುಂದೆ ನಿಂತು ಕಣ್ಣು ಮುಚ್ಚಿಕೊಂಡೆ. ಬಿಸಿ ಉಸಿರು ಪಕ್ಕದಲ್ಲೇ ಹಾದು ಹೋಯಿತು. ನನಗೆ ಮಾತು ಹೊರಡದೆ ಹಲ್ಲು ಕಟಕಟ ಎನ್ನುತ್ತಿದ್ದಾಗ ಖಾಲಾ ಹಿಂದಿನಿಂದ ಕೇಳಿದರು: "ಹೋರಿ ಏನು? ಯಾವ ಬಣ್ಣ?"

"ಗೊತ್ತಿಲ್ಲ ಖಾಲಾ, ನಾನು ಕಣ್ಣು ಮುಚ್ಚಿದ್ದೆ."

"ಥೂ, ನಿನ್ನ! ಕಣ್ಣ ಇದ್ದೂ ಬರಬಾದ ಮಾಡಿದಿ" ಎಂದು ನಿಜಕ್ಕೂ ಸಿಟ್ಟಾದರು.

ಪೇಟೆಯಲ್ಲಿ ಎಲ್ಲರೂ ಎಲ್ಲರಿಗೂ ಬೈಯುವ ಒಂದು ಬೈಗುಳವಿದೆ: ಕಣ್ಣು ಕಾಣಿಸುವುದಿಲ್ಲವೇ? ಹಮಾಲರು, ಗಾಡಿಯವರು, ತಳ್ಳುಗಾಡಿಗೆ ತಾಗಿಸಿಕೊಂಡವರು ಪ್ರತಿ ಸಲವೂ ಖಾಲಾರನ್ನು ಇದನ್ನೇ ಕೇಳುತ್ತಿದ್ದರು. ಕೇಳಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಖಾಲಾ ಮಾತ್ರ ನಡೆಯುತ್ತಲೇ, "ನಿನಗ ಕಾಣ್ತಾವಲ್ಲಪ್ಪ, ನೀನ ದಾರಿ ಬಿಡು" ಎಂದು ಹೇಳಿ ಹೋಗುತ್ತಿದ್ದರು. ಯಾರಿಗೂ ಯಾವ ಅನುಮಾನವೂ ಬರುತ್ತಿರಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಅವರು ಬ್ಯಾಡಗಿಯ ಮಾತು ತೆಗೆದರು. ವರ್ಷಕ್ಕಾಗುವ ಖಾರಪುಡಿಗೆ ಡಬ್ಬಿ ಎನ್ನುವ ದಪ್ಪ ಜಾತಿಯ ಮೆಣಸಿನಕಾಯಿ ಬೇಕು, ಅದನ್ನು ಮಾರ್ಕೆಟ್ಟಿನ ಅಂಗಳದಲ್ಲೇ ನಿಂತು ಮುರಿದು ನೋಡಿ ತರಬೇಕು. ನನಗೆ ಕಾರಣವಿಲ್ಲದೆ ಹೆದರಿಕೆಯಾಯಿತು. ನನ್ನ ಹೆದರಿಕೆಗಳಿಗೆ ಎಂದೂ ಕಾರಣ ಇರುತ್ತಿರಲಿಲ್ಲವಾದ್ದರಿಂದ ಅದಕ್ಕೆ ಬೆಲೆ ಸಿಗಲಿಲ್ಲ. "ನಮ್ಮನಿಯವ್ರ ಜೋಡಿ ಪ್ರತೀ ವರ್ಷ ಹೋಗ್ತಿದ್ನಿ. ಕೆಂಪ ಅಂದ್ರ ಕೆಂಪ, ಬೇಟಿ. ಮುಗಲಿನ ತನಾ ಕೆಂಪ. ಅದಷ್ಟು ಬಣ್ಣಾರ ನನಗ ಕಂಡೀತು" ಎಂದರು. ಆ ಮಾತಿನ ಮೇಲೆ ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಅದು ಒಂದು ಮೆಣಸಿನಕಾಯಿಯ ಮಟ್ಟಿಗೆ ನಿಜ, ರಾಶಿಯ ಮಟ್ಟಿಗಲ್ಲ. ಅಂಗಳದ ಗೇಟು ದಾಟುತ್ತಿದ್ದಂತೆ ಘಾಟು ಬಂದು ಗಂಟಲು ಹಿಡಿಯಿತು. ಎಲ್ಲಿ ನೋಡಿದರೂ ಎದೆಯೆತ್ತರದ ಕೆಂಪು ರಾಶಿಗಳು, ಅವುಗಳ ನಡುವೆ ಇಕ್ಕಟ್ಟು ದಾರಿಗಳು, ಆ ದಾರಿಗಳಲ್ಲಿ ಚೀಲ ಹೊತ್ತು ಬಗ್ಗಿ ಓಡುವ ಹಮಾಲರು. ವ್ಯಾಪಾರಿಗಳು ಬಾಯಿಗೆ ಟವೆಲ್ಲು ಕಟ್ಟಿಕೊಂಡು ಕೆಮ್ಮುತ್ತ ಮೆಣಸಿನಕಾಯಿ ಮುರಿಯುತ್ತಿದ್ದರು. ನಾನೂ ಸೆರಗು ಮೂಗಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಖಾಲಾರನ್ನು ನಡೆಸಿಕೊಂಡು ಹೋದೆ. ಸ್ವಲ್ಪ ದೂರ ಹೋಗಿದ್ದೆವು. ಅವರು ಥಟ್ಟನೆ ನಿಂತರು. ಅವರ ಇನ್ನೊಂದು ಕೈಯೂ ಬಂದು ನನ್ನ ತೋಳನ್ನು ಹಿಡಿಯಿತು.

"ಬೇಟಿ, ಇಲ್ಲೆ ಏನೂ ಇಲ್ಲ."

"ಏನಿಲ್ಲ ಖಾಲಾ?"

"ವಾಸನಿ ಇಲ್ಲ. ಬರೇ ಖಾರ. ಎಲ್ಲಾ ಕಡೆ ಒಂದ ಐತಿ. ಗ್ವಾಡಿ ಎಲ್ಲೈತಿ, ಮಂದಿ ಎಲ್ಲದಾರ, ನಾ ಎಲ್ಲದೇನಿ, ಏನೂ ತಿಳೀವಲ್ದು."

ಖಾಲಾ ಹೆದರಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೋರಿ ಬಂದಾಗಲೂ ಬಣ್ಣ ಕೇಳಿದ್ದ ಹೆಂಗಸು ಈಗ ನನ್ನ ತೋಳಿಗೆ ಮುಖ ಒತ್ತಿ ನಿಂತಿದ್ದರು. ಯಜಮಾನರ ಜೊತೆ ಬರುತ್ತಿದ್ದ ಕಾಲದಲ್ಲಿ ಅವರಿಗೆ ಕಣ್ಣಿತ್ತು, ಮೂಗಿನ ಕೆಲಸವೇ ಬಿದ್ದಿರಲಿಲ್ಲ. ಈ ಅಂಗಳ ತಮ್ಮ ಮೂಗನ್ನೂ ಕಟ್ಟಿಹಾಕೀತು ಎಂದು ಅವರಿಗೆ ಹೊಳೆದೇ ಇರಲಿಲ್ಲ, ನನಗೂ ಇಲ್ಲ.

"ವಾಪಸ್ ಹೋಗೋಣ ಖಾಲಾ, ಬನ್ನಿ" ಎಂದು ತಿರುಗಿದೆ. ತಿರುಗಿದರೆ ಗೇಟು ಕಾಣಲಿಲ್ಲ. ಎಲ್ಲ ರಾಶಿಗಳೂ ಒಂದೇ ಬಣ್ಣ, ಎಲ್ಲ ದಾರಿಗಳೂ ಒಂದೇ ಅಗಲ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಚೀಲ ಕೊಡವಿದರು. ಕೆಂಪು ಧೂಳು ಎದ್ದು ನೇರ ನನ್ನ ಮುಖಕ್ಕೆ ಬಂತು. ಕಣ್ಣಿಗೆ ಕೆಂಡ ಇಟ್ಟಂತಾಯಿತು. ಸೀನು ಶುರುವಾಯಿತು, ಒಂದರ ಮೇಲೊಂದು, ಮೈಯೆಲ್ಲ ಮಡಚಿಕೊಳ್ಳುವಂಥ ಸೀನು. ಒಬ್ಬ ಹಮಾಲ "ಬಾಜೂ! ಬಾಜೂ!" ಎಂದು ಕೂಗುತ್ತ ನಮ್ಮಿಬ್ಬರ ನಡುವೆ ನುಗ್ಗಿದ. ತೋಳಿನ ಮೇಲಿದ್ದ ಭಾರ ಇಲ್ಲವಾಯಿತು.

ಆಗಿನ ಹೆದರಿಕೆಯನ್ನು ಬರೆಯಲು ನನಗೆ ಬರುವುದಿಲ್ಲ. ಕೂಗೋಣವೆಂದರೆ ಉಸಿರಿಲ್ಲ, ನೋಡೋಣವೆಂದರೆ ಕಣ್ಣು ತೆರೆಯಲಾಗುತ್ತಿಲ್ಲ. ಬೆರಳಿಂದ ರೆಪ್ಪೆ ಬಿಡಿಸಿ ಹಿಡಿದು ನೋಡಿದೆ. ಖಾಲಾ ಆಗಲೇ ದೂರವಾಗಿದ್ದರು. "ಬಾಜೂ" ಎಂದು ಕೇಳಿಸಿದ ಕಡೆಯಿಂದ ಸರಿಯುತ್ತ ಸರಿಯುತ್ತ, ಎರಡೂ ಕೈ ಮುಂದೆ ಚಾಚಿಕೊಂಡು, ಒಂದು ದೊಡ್ಡ ರಾಶಿಯೊಳಗೆ ಕಾಲಿಟ್ಟು ಮೊಣಕಾಲವರೆಗೆ ಹೂತಿದ್ದರು. ಮೆಣಸಿನಕಾಯಿ ಕಾಲಡಿ ಪಟಪಟ ಮುರಿಯುತ್ತಿತ್ತು. ರಾಶಿಯ ಆ ಬದಿಯಲ್ಲಿ ಒಂದು ಲಾರಿ ಚೀಲ ತುಂಬಿಕೊಳ್ಳಲು ಹಿಂದಕ್ಕೆ ಬರುತ್ತಿತ್ತು. ಕ್ಲೀನರ್ ಇನ್ನೊಂದು ಬದಿಯಲ್ಲಿದ್ದ, ಅವನಿಗೆ ಇವರು ಕಾಣುವಂತಿರಲಿಲ್ಲ. ಖಾಲಾ ಲಾರಿಯ ಸದ್ದಿನ ಕಡೆಗೇ ಏರುತ್ತಿದ್ದರು.

"ಏ ಮುದುಕಿ!" ಎಂದು ರಾಶಿಯ ಮಾಲೀಕ ಚೀರಿದ. "ಕಣ್ಣ ಕಾಣೂದಿಲ್ಲೇನ ನಿನಗ?"

ಖಾಲಾ ನಿಂತರು. ನಿತ್ಯದ ಉತ್ತರ ಬರಬೇಕಿತ್ತು. ಬರಲಿಲ್ಲ. ಅವರು ಮುಖವನ್ನು ದನಿ ಬಂದ ಕಡೆ ತಿರುಗಿಸಿ, ಕೈಯೆತ್ತಿ, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು:

"ಇಲ್ಲೋ ಯಪ್ಪಾ! ಕಾಣೂದಿಲ್ಲ! ನನಗ ಕಣ್ಣ ಕಾಣೂದಿಲ್ಲ! ಯಾರರ ಕೈ ಹಿಡೀರಿ!"

ಒಂದು ಕ್ಷಣ ಅಲ್ಲಿ ಯಾರೂ ಕೆಮ್ಮಲಿಲ್ಲ. ಆಮೇಲೆ ಚೀಲ ಹೊತ್ತಿದ್ದ ಒಬ್ಬ ಹಮಾಲ ಅದನ್ನು ಹಾಗೇ ನೆಲಕ್ಕೆ ಕೆಡವಿ ಓಡಿ ಹೋಗಿ ಲಾರಿಯ ಪಕ್ಕಕ್ಕೆ ದಬದಬ ಬಡಿದ, "ಹೋಲ್ಡಾನ್! ಹೋಲ್ಡಾನ್!" ಲಾರಿ ಜಗ್ಗಿ ನಿಂತಿತು. ಬೈದಿದ್ದ ಮಾಲೀಕನೇ ರಾಶಿಯೊಳಗೆ ಇಳಿದು ಖಾಲಾರ ಕೈ ಹಿಡಿದುಕೊಂಡ. "ಬರ್ರಿ ಯವ್ವಾ, ನನಗ ಗೊತ್ತಿರ್ಲಿಲ್ಲ. ಸಾವಕಾಶ ಬರ್ರಿ" ಎನ್ನುತ್ತಿದ್ದ.

ನಮ್ಮಿಬ್ಬರನ್ನೂ ಒಂದು ದಲಾಲಿ ಅಂಗಡಿಗೆ ಕರೆದೊಯ್ದು ಬಿಳೀ ಗಾದಿಯ ಮೇಲೆ ಕೂರಿಸಿದರು. ಕಣ್ಣಿಗೆ ನೀರು ಹೊಡೆದರು, ಚಹಾ ಕೊಟ್ಟರು. ನಾನು ಖಾಲಾರ ಒಂದು ಕೈ ಹಿಡಿದುಕೊಂಡು ಅಳುತ್ತಿದ್ದೆ. ಅವರು ಕೂತ ಗಾದಿಯ ಹೊಲಿಗೆಯ ಮೇಲೆ ಇನ್ನೊಂದು ಕೈಯ ಬೆರಳಾಡಿಸುತ್ತಿದ್ದರು. ಅಂಗಡಿಯ ಯಜಮಾನರು ಅವರನ್ನೇ ದಿಟ್ಟಿಸಿ ನೋಡಿ, "ನೀವು ರಾಣೆಬೆನ್ನೂರ ಇಮಾಮನ ತಾಯಿ ಅಲ್ಲೇನ್ರಿ? ಈ ಗಾದಿ ಅಂವಂದ" ಎಂದರು. ಖಾಲಾ "ಹೌದ್ರಿ. ಹೊಲಿಗಿ ಗೊತ್ತಾತು" ಎಂದರು. ಯಜಮಾನರು ಫೋನಿನ ಕಡೆ ಕೈ ಚಾಚಿದಾಗ ಇಬ್ಬರೂ ತಡೆಯಲಿಲ್ಲ. ತಡೆದು ಪ್ರಯೋಜನವಿರಲಿಲ್ಲ.

ಮಧ್ಯಾಹ್ನ ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಇಮಾಮ್ ನಿಂತಿದ್ದ. ಅರಳೆ ಹತ್ತಿದ ಅಂಗಿಯಲ್ಲೇ ಓಡಿ ಬಂದಿದ್ದ. ಕೂಗಾಡುತ್ತಾನೆಂದು ನಾನು ಕುಗ್ಗಿಕೊಂಡೇ ಇಳಿದೆ. ಅವನು ಕೂಗಾಡಲಿಲ್ಲ. ತಾಯಿಯ ಮುಖದ ಮುಂದೆ ಕೈಯಾಡಿಸಿ ನೋಡಿದ, ಮತ್ತೊಮ್ಮೆ ಆಡಿಸಿದ, ಆಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಸಿದು ಕೂತ.

ಹುಬ್ಬಳ್ಳಿಗೆ ತಾನೇ ಕರೆದೊಯ್ದ. ಡಾಕ್ಟರು ಮತ್ತೆ ಅದೇ ಮಾತು ಹೇಳಿದರು. ಅಂದಿನಿಂದ ಖಾಲಾ ತಾವು ಹೇಳಿದ್ದಂತೆಯೇ ಕಟ್ಟೆಯ ಮೇಲೆ ಕೂರುವ ಮುದುಕಿಯಾದರು. ಸೊಸೆ ಒಳ್ಳೆಯವಳು, ಕೈಗೆ ತಾಟು, ಕೈಗೆ ನೀರು. ನಾನು ಒಂದು ದಿನ ಧೈರ್ಯ ಮಾಡಿ ಇಮಾಮ್ ಹತ್ತಿರ ಮಾತು ತೆಗೆದೆ. ಬ್ಯಾಡಗಿ ಬೇಡ, ದೂರವೂ ಬೇಡ, ಇಲ್ಲೇ ತರಕಾರಿ ಸಾಲಿನವರೆಗೆ ನಾನು ಕರೆದೊಯ್ಯುತ್ತೇನೆ ಎಂದೆ.

"ಅಕ್ಕಾರ," ಎಂದ ಇಮಾಮ್, ನೆಲ ನೋಡುತ್ತ. "ಒಂದ ಸಲ ಲಾರಿ ನಿಂತೈತಿ. ಮತ್ತೊಂದ ಸಲ ನಿಂದ್ರತೈತಂತ ನೀವು ಹೇಳ್ತೀರೇನು?"

ಇಮಾಮ್ ಆಡುತ್ತಿದ್ದುದು ನನ್ನದೇ ಹೆದರಿಕೆಯ ಮಾತು. ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ.

ಪೇಟೆಯಿಂದ ನಾನು ಬಿಸಿ ಮಿರ್ಚಿ, ಹೊಸ ಬೆಲ್ಲ, ಎಳೇ ಸೌತೆಕಾಯಿ ಎಲ್ಲ ತಂದು ಖಾಲಾರ ಕೈಗಿಡುತ್ತಿದ್ದೆ. ಮೂಸಿ ಪಕ್ಕಕ್ಕಿಡುವರು. "ಛಲೋ ಐತಿ ಬೇಟಿ. ಆದ್ರ ಪ್ಯಾಟಿ ಮನಿಗೆ ಬರೂದಿಲ್ಲ" ಎನ್ನುವರು. ಅವರ ಬಾಯಲ್ಲಿ ಅದಕ್ಕಿಂತ ಹೆಚ್ಚಿನ ದೂರು ನಾನು ಕೇಳಲಿಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಸೀನುವ ಸದ್ದು ನಮಾಜಿನ ಹೊತ್ತಿಗೆ ಮಾತ್ರ ಕೇಳಿಸುತ್ತಿತ್ತು, ಅದೂ ಮೆಲ್ಲಗೆ.

ನಮಗೆ ಮತ್ತೆ ತುಮಕೂರಿಗೆ ವರ್ಗವಾಯಿತು. ಹೊರಡುವ ದಿನ ಖಾಲಾ ನನ್ನ ಎಡತೋಳನ್ನು ಹುಡುಕಿ ಹಿಡಿದುಕೊಂಡು, ಲಾರಿಗೆ ಸಾಮಾನು ಏರಿ ಮುಗಿಯುವವರೆಗೂ ಬಿಡಲಿಲ್ಲ. "ನೀ ಇನ್ನ ಒಬ್ಬಾಕೀನ ಪ್ಯಾಟಿಗೆ ಹೋಗಬೇಕು. ನನ್ನಾಣಿ ಐತಿ. ಈಗ ಕೈಯಾಗ ಹಿಡಕೊಳ್ಳೂ ಫೋನ ಬಂದಾವಂತಲ್ಲ? ಅದನ್ನ ತಗೊಂಡು, ಪ್ಯಾಟ್ಯಾಗ ನಿಂತು ನನಗ ಫೋನ್ ಹಚ್ಚು" ಎಂದರು.

ನನ್ನವರಿಗೆ ಗಂಟುಬಿದ್ದು ಫೋನ್ ಕೊಂಡೆ. ಹುಟ್ಟೂರಿನ ಜಿಲ್ಲೆಯಾದರೇನು, ಪೇಟೆ ಪೇಟೆಯೇ. ಒಬ್ಬಳೇ ಒಳಹೊಕ್ಕಾಗ ಅಂಗೈ ಬೆವರಿ ಗುಂಡಿಗಳನ್ನು ಒತ್ತಲಾಗುತ್ತಿರಲಿಲ್ಲ. ಆ ಕಡೆ ಖಾಲಾ ಮನೆಯ ಫೋನ್ ಎತ್ತಿದ ಕೂಡಲೇ, "ಹಾಂ, ಎಲ್ಲಿ ನಿಂತಿ? ಬಲಕ್ಕ ಏನೈತಿ?" ಎನ್ನುವರು. ನಾನು ಹೇಳಬೇಕು. ಬಲಕ್ಕೆ ಹುಣಸೆಹಣ್ಣಿನವಳು ಖಾಲಾ, ಹಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿದ್ದಾಳೆ. ಎಡಕ್ಕೆ ಹಲಸಿನ ಹಣ್ಣು ಕೊಯ್ಯುತ್ತಿದ್ದಾನೆ. "ವಾಸನಿ ಹೆಂಗೈತಿ, ಸರಿಯಾಗಿ ಹೇಳು!" ಎಂದು ಗದರುವರು. ನನಗೆ ಹೇಳಲು ಬರುತ್ತಿರಲಿಲ್ಲ, ಮತ್ತೆ ಹತ್ತಿರ ಹೋಗಿ ಮೂಸಿ ಬಂದು ಹೇಳುತ್ತಿದ್ದೆ. ನಡುವೆ ಯಾರಾದರೂ ಡಿಕ್ಕಿ ಹೊಡೆದು ನಾನು ಅಯ್ಯೋ ಎಂದರೆ ಅವರಿಗೆ ಬಹಳ ಸಂತೋಷವಾಗುತ್ತಿತ್ತು. ಇಮಾಮ್ ಮನೆಯಲ್ಲಿರುವಾಗ ಮಾತ್ರ ಬೇರೆ ಏನೋ ಮಾತಾಡಿ ಬೇಗ ಇಟ್ಟುಬಿಡುವರು. ಹೀಗೆ ವಾರಕ್ಕೊಮ್ಮೆ, ಎರಡು ಮಳೆಗಾಲ ಕಳೆಯಿತು.

ಆಮೇಲೆ ಒಂದು ಸಂಜೆ ಹೂವಿನ ಸಾಲಿನಲ್ಲಿ ನಿಂತು ಫೋನ್ ಮಾಡಿದೆ. ಆ ಕಡೆಯಿಂದ ಗಂಡು ದನಿ ಬಂತು. ನಾನು ಖಾಲಾ ಎಲ್ಲಿ ಎಂದು ಕೇಳಲಿಲ್ಲ. ಕೇಳಲು ಹೆದರಿಕೆಯಾಯಿತು.

"ಅಮ್ಮಾ ಹೋದ್ಲು ಅಕ್ಕಾರ" ಎಂದ ಇಮಾಮ್. "ಹೋದ ಶುಕ್ರವಾರ, ಜುಮ್ಮಾಕ್ಕ. ಮಲಕ್ಕೊಂಡಲ್ಲೇ ಹೋದ್ಲು. ನಿಮ್ಮ ನಂಬರ್ ಆಕಿ ಬಾಯಾಗ ಅಷ್ಟ ಇತ್ತು. ನಮಗ ಯಾರಿಗೂ ಗೊತ್ತಿರ್ಲಿಲ್ಲ."

ಸುತ್ತ ಮೊಳ ಹಾಕುವವರು ಕೂಗುತ್ತಿದ್ದರು, ಯಾರೋ ನೀರು ಚಿಮುಕಿಸುತ್ತಿದ್ದರು, ಹಿಂದಿನಿಂದ ಒಂದು ಆಟೋ ಹಾರ್ನ್ ಹೊಡೆಯಿತು. ಇಂಥ ಸುದ್ದಿ ಕೇಳುವ ಜಾಗವಲ್ಲ ಎನ್ನಿಸಿ, "ಇಡ್ತೀನಿ ಇಮಾಮ್. ಇಲ್ಲಿ ಗಲಾಟೆ. ಮನೆಗೆ ಹೋಗಿ ಮಾಡ್ತೀನಿ" ಎಂದೆ.

"ಇಡಬ್ಯಾಡ್ರಿ ಅಕ್ಕಾರ."

ಅವನ ಹಿಂದೆ ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಈಗ ನೀವು ಪ್ಯಾಟ್ಯಾಗ ಎಲ್ಲಿ ನಿಂತೀರಿ?" ಎಂದ. "ಬಲಕ್ಕ ಏನೈತಿ? ಅಮ್ಮಾ ಕೇಳೂದನ್ನ ಬಾಗಲ ಹೊರಗ ನಿಂತು ಕೇಳೇನಿ. ಆಕಿಗೆ ಹೇಳ್ತಿದ್ರಲ್ಲ, ನನಗೂ ಹಂಗ ಹೇಳ್ರಿ."